ಏನೂ ಆಗಲ್ಲ ಅಂದ್ರಲ್ಲ ಮೇಷ್ಟ್ರೇ

ಮೇಷ್ಟ್ರೇ, ನಿಮ್ಮ ಪತ್ರ ಓದಿ ಆಫೀಸಲ್ಲಿ ಎಲ್ರೂ ನಕ್ವಿ. ನಾವು ಹೊಗಳಿದ್ವಿ ಅಂತ ‘45 ಇಯರ್ಸ್’ ಸಿನಿಮಾ ನೋಡಿದ್ರಿ, ಒಂದೂವರೆ ಗಂಟೆ ಮುದುಕ ಮುದುಕಿ ಟೀ ಕುಡಿತಾರೆ, ನಾಯಿ ತಿರುಗಾಡಿಸ್ತಾರೆ, ಮತ್ತೇನೂ ಆಗಲ್ಲ, ಕೊನೆಗೆ ಆಯಮ್ಮಂಗೆ ಯಾಕೆ ಕೋಪ, ಯಾವತ್ತೋ ಸತ್ತೋಳ ಮೇಲೆ ಹೊಟ್ಟೆಕಿಚ್ಚಾ ಅಂತ ಕೇಳಿದ್ದೀರಿ. ನಿಮ್ಮ ಮನೆಯವರು ಮಾತ್ರ ‘ನಂಗೆ ಅರ್ಥ ಆಯ್ತು’ ಅಂದು ಒಳಗೆ ಹೋದ್ರಂತೆ! ಉತ್ತರ ಅವರನ್ನೇ ಕೇಳಬಹುದಿತ್ತು, ಇರ್ಲಿ.

ಹೊಟ್ಟೆಕಿಚ್ಚು ಸ್ವಲ್ಪ ಇರಬಹುದು, ಆದ್ರೆ ಅಷ್ಟೇ ಅಲ್ಲ. ಮದುವೆ ವಾರ್ಷಿಕೋತ್ಸವದ ಪಾರ್ಟಿಗೆ ಇನ್ನು ವಾರ ಇದೆ ಅನ್ನುವಾಗ ಗಂಡ ಜೆಫ್‌ಗೆ ಕಾಗದ ಬರತ್ತೆ, 1962ರಲ್ಲಿ ಸ್ವಿಸ್ ಆಲ್ಪ್ಸ್‌ನಲ್ಲಿ ಬಿದ್ದು ಸತ್ತ ಹಳೇ ಗೆಳತಿ ಕಾಟ್ಯಾಳ ದೇಹ ಹಿಮದೊಳಗೆ ಸಿಕ್ಕಿದೆ ಅಂತ. ಅವಳು ಬದುಕಿದ್ರೆ ಮದುವೆ ಆಗ್ತಿದ್ಯಾ ಅಂತ ಹೆಂಡ್ತಿ ಕೇಟ್ ಕೇಳಿದ್ರೆ ಈ ಮಹಾನುಭಾವ ಹೂಂ ಅಂತಾನೆ. ಆಮೇಲೆ ಅವಳೊಬ್ಳೇ ಅಟ್ಟ ಹತ್ತಿ ಹಳೇ ಸ್ಲೈಡುಗಳನ್ನ ಹಾಕ್ಕೊಂಡು ನೋಡ್ತಾಳಲ್ಲ, ಡೈಲಾಗ್ ಇಲ್ಲ, ಪ್ರೊಜೆಕ್ಟರ್ ಟಕ್ ಟಕ್ ಅನ್ನೋದು ಬಿಟ್ರೆ ಸದ್ದಿಲ್ಲ, ಒಂದು ಸ್ಲೈಡಲ್ಲಿ ಕಾಟ್ಯಾ ಬಸುರಿ, ಪಕ್ಕದಲ್ಲೇ ಕೇಟ್ ಮುಖ. ಈ ಗಂಡ ಹೆಂಡ್ತಿಗೆ ಮಕ್ಕಳಿಲ್ಲ ಅನ್ನೋದನ್ನ ಇದರ ಜೊತೆ ಕೂಡಿಸ್ಕೊಳ್ಳೋ ಕೆಲಸ ಡೈರೆಕ್ಟರ್ ಆಂಡ್ರೂ ಹೇಗ್ ನಮಗೇ ಬಿಟ್ಟಿದ್ದಾರೆ. ಮಕ್ಕಳು ಯಾಕಿಲ್ಲ, ಮನೇಲಿ ಫೋಟೋಗಳು ಯಾಕಿಲ್ಲ, ತಮ್ಮಿಬ್ರದ್ದು ಅನ್ಕೊಂಡಿದ್ದ ಎಷ್ಟೋ ತೀರ್ಮಾನಗಳಲ್ಲಿ ಕಾಟ್ಯಾಳ ಪಾಲು ಎಷ್ಟು? ಸ್ಲೈಡಿನ ವಿಷಯ ಕೇಟ್ ಗಂಡನ ಹತ್ರ ಎತ್ತೋದೂ ಇಲ್ಲ. ಕೊನೆಗೆ ಪಾರ್ಟಿ ಡ್ಯಾನ್ಸಲ್ಲಿ ಅವಳು ಗಂಡನಿಂದ ಕೈ ಕಿತ್ಕೊಂಡಿದ್ದು ಅದಕ್ಕೇ ಅಂತ ನನ್ನ ಓದು.

ಇಂಥ ಸಿನಿಮಾ ಎಲ್ಲಾ ಚೆನ್ನಾಗಿರತ್ತೆ ಅಂತ ನಾನೇನೂ ಹೇಳಲ್ಲ. ಹೀರೋಯಿನ್ನು ಹತ್ತು ನಿಮಿಷ ಕಿಟಕಿ ಹತ್ರ ನಿಂತ್ರೆ ಆಳ ಬಂದ್ಬಿಡ್ತು ಅನ್ಕೊಳ್ಳೋ ಡೈರೆಕ್ಟರುಗಳೂ ಇದ್ದಾರೆ, ಒಳಗೇನೂ ಇಲ್ದೇ ಇದ್ರೆ ಮೌನ ಬರೀ ಬೋರು.

ಧೈರ್ಯ ಇದ್ರೆ ಸೆಲೀನ್ ಸಾಂಗ್ ಅವರ ‘ಪಾಸ್ಟ್ ಲೈವ್ಸ್’ (2023) ನೋಡಿ. ನ್ಯೂಯಾರ್ಕಿನ ಬಾರಲ್ಲಿ ನೋರಾ, ಅವಳ ಬಾಲ್ಯದ ಗೆಳೆಯ ಹೇ ಸಂಗ್, ಗಂಡ ಆರ್ಥರ್, ಮೂವರೂ ಕೂತಿರ್ತಾರೆ, ಅವರಿಬ್ರೂ ಕೊರಿಯನ್‌ನಲ್ಲಿ ಮಾತಾಡ್ತಿದ್ರೆ ಅದು ಸರಿಯಾಗಿ ಬರದ ಆರ್ಥರ್ ಪಕ್ಕದಲ್ಲಿ ಸುಮ್ನೆ ಇರ್ತಾನೆ. ಮಾತಾಡೋರನ್ನ ಬಿಟ್ಟು ಅವನನ್ನ ನೋಡ್ತಾ ಇರಿ. ಆಗಲೂ ನಿದ್ದೆ ಬಂದ್ರೆ ಬೈದು ಬರೀರಿ, ಪ್ರಿಂಟ್ ಮಾಡ್ತೀವಿ.

– ಸಂ.