ಸಂಪಾದಕರ ಉತ್ತರ: ಮಕ್ಕಳು ತಂದ ಕಲ್ಲು

(ಪತ್ರದ ಸಾರ: ನಾನು ಚಿತ್ರದುರ್ಗ ಜಿಲ್ಲೆಯವನು. ಮೂವತ್ತು ವರ್ಷ ಭೂವಿಜ್ಞಾನಿಯಾಗಿ ದುಡಿದು ನಿವೃತ್ತನಾಗಿದ್ದೇನೆ. ಶಾಲೆಗಳಿಗೆ ಹೋಗಿ, ದುಡ್ಡು ತಗೊಳ್ಳದೆ, ಭೂಮಿಯ ಬಗ್ಗೆ ಹೇಳಬೇಕೆಂದು ಆಸೆ. ಒಂದು ಹೈಸ್ಕೂಲಿನಲ್ಲಿ 90 ಸ್ಲೈಡು ತೋರಿಸಿದೆ. ಅರ್ಧ ಗಂಟೆಗೆ ಮಕ್ಕಳು ತೂಕಡಿಸಿದರು. ಶಾಲು ಹೊದಿಸಿ ಕಾಫಿ ಕೊಟ್ಟು ಕಳಿಸಿದವರು ಮತ್ತೆ ಕರೆದಿಲ್ಲ. ಈಗಿನ ಮಕ್ಕಳಿಗೆ ಆಸಕ್ತಿಯೇ ಇಲ್ಲವೇ?)

ಸರ್, ನಮಸ್ಕಾರ.

ಮಕ್ಕಳ ಮೇಲೆ ಗೂಬೆ ಕೂರಿಸಬೇಡಿ. ಬಿಸಿಯೂಟ ಮುಗಿಸಿ ಬಂದವರನ್ನು ಕೂರಿಸಿ, ಕಿಟಕಿ ಮುಚ್ಚಿ ಕತ್ತಲೆ ಮಾಡಿ, 90 ಸ್ಲೈಡು ತೋರಿಸಿದರೆ ನಾನಾಗಿದ್ದರೂ ಗೊರಕೆ ಹೊಡೆಯುತ್ತಿದ್ದೆ.

ಕಳೆದ ವರ್ಷ ನಿಮ್ಮ ಹಾಗೇ ನಿವೃತ್ತರಾದ ಒಬ್ಬರ ಜೊತೆ ನಿಮ್ಮ ಜಿಲ್ಲೆಯದೇ ಒಂದು ಶಾಲೆಗೆ ಹೋಗಿದ್ದೆ. ಅವರು ಹಿಂದಿನ ದಿನವೇ ಮೇಷ್ಟ್ರಿಗೆ ಫೋನ್ ಮಾಡಿ, ಪ್ರತಿ ಮಗುವೂ ಬರುವ ದಾರಿಯಲ್ಲಿ ಒಂದು ಕಲ್ಲು ಹೆಕ್ಕಿಕೊಂಡು ಬರಲಿ ಅಂತ ಹೇಳಿದ್ದರು, ಅಷ್ಟೇ. ಮೇಜಿನ ತುಂಬ ಕಲ್ಲು. ಬೆಣಚುಕಲ್ಲು, ಕಾಗೆಬಂಗಾರ ಮಿನುಗುವ ಚೂರು, ಒಡೆದ ಒರಳಿನ ತುಂಡು, ಮನೆ ಕಟ್ಟುವಲ್ಲಿ ಬಿದ್ದಿದ್ದ ಜಲ್ಲಿ. ಒಬ್ಬ ಹುಡುಗ ಕಾಂಕ್ರೀಟಿನ ಹೆಂಟೆ ತಂದಿದ್ದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ಹುಡುಗನ ಮುಖ ಸಣ್ಣದಾಯಿತು. ಆದರೆ ಅವರು ಎಲ್ಲ ಬಿಟ್ಟು ಅದನ್ನೇ ಮೊದಲು ಎತ್ತಿಕೊಂಡರು. ನೀರಿನಲ್ಲಿ ಅದ್ದಿದರು, ಒಳಗಿನ ಮರಳು, ಜಲ್ಲಿ ಎಲ್ಲ ಎದ್ದು ಕಂಡಿತು. "ಇದನ್ನು ಮನುಷ್ಯ ಮಾಡಿದ್ದು. ಇದೇ ಕೆಲಸವನ್ನು ಹೊಳೆಯೂ ಮಾಡುತ್ತದೆ, ನಿಧಾನಕ್ಕೆ. ಉರುಟು ಕಲ್ಲುಗಳು ಹೀಗೇ ಅಂಟಿಕೊಂಡು ಗಟ್ಟಿಯಾದ ಬಂಡೆ ನಮ್ಮ ತಾಳ್ಯದ ಹತ್ತಿರ ಇದೆ, ನೋಡಿದ್ದೀರಾ?" ಅಂದರು. ಒಂದು ಗಂಟೆ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಅಗ್ನಿಶಿಲೆ, ರೂಪಾಂತರ ಶಿಲೆ ಅನ್ನುವ ಮಾತು ಬಂದಿದ್ದು ಕೊನೆಯ ಐದು ನಿಮಿಷದಲ್ಲಿ.

ನಿಮ್ಮ ಊರ ಸುತ್ತಲೇ ಎಷ್ಟು ಸರಕಿದೆ ನೋಡಿ. ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿಟ್ಟ ಹಾಗಿರುವ ಬಂಡೆ ಇದೆಯಲ್ಲ, ಲಾವಾ ನೀರಿನೊಳಗೆ ಉಕ್ಕಿ ಬಂದು ತಣಿದರೆ ಮಾತ್ರ ಆಗುವ ಆಕಾರ ಅದು. ಅಂದರೆ ಮಳೆಗಾಗಿ ಆಕಾಶ ನೋಡುವ ಬಯಲುಸೀಮೆ ಒಂದು ಕಾಲಕ್ಕೆ ನೀರಿನಡಿ ಇತ್ತು! ಮಕ್ಕಳಿಗೆ ಇದನ್ನು ಹೇಳದೆ ಹವಾಯಿ ದ್ವೀಪದ ಜ್ವಾಲಾಮುಖಿ ಯಾಕೆ ತೋರಿಸಿದಿರಿ?

ಕಾಲದ ಲೆಕ್ಕಕ್ಕೆ ಗೋಣಿದಾರ ಸಾಕು. 4 ಮೀಟರ್ 60 ಸೆಂಟಿಮೀಟರ್ ಕತ್ತರಿಸಿ, ಎರಡು ತುದಿಗೆ ಇಬ್ಬರನ್ನು ನಿಲ್ಲಿಸಿ. ಭೂಮಿಯ ವಯಸ್ಸು ಸುಮಾರು 460 ಕೋಟಿ ವರ್ಷ, ಹಾಗಾಗಿ ಒಂದು ಸೆಂಟಿಮೀಟರಿಗೆ ಒಂದು ಕೋಟಿ. ನಮ್ಮ ಕೋಟಿ ಲೆಕ್ಕಕ್ಕೆ ಎಷ್ಟು ಚೆನ್ನಾಗಿ ಕೂರುತ್ತದೆ, ಅಲ್ವಾ? ಇವತ್ತಿನ ತುದಿಯಿಂದ ಸುಮಾರು 3 ಮೀಟರ್ ಹಿಂದೆ ಲಾಲ್‌ಬಾಗ್ ಬಂಡೆ, ಎರಡೂವರೆ ಮೀಟರಿಗೆ ರಾಮನಗರದ ಬೆಟ್ಟ. ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು, ಬರೀ 9 ಸೆಂಟಿಮೀಟರ್ ದೂರ. ಡೈನೊಸಾರ್ ಅಳಿದದ್ದು ಆರೂವರೆ ಸೆಂಟಿಮೀಟರಿಗೆ. ಮನುಷ್ಯ ಎಲ್ಲಿ ಅಂತ ಮಕ್ಕಳೇ ಕೇಳುತ್ತಾರೆ. ನಮ್ಮ ಕುಲದ 3 ಲಕ್ಷ ವರ್ಷಕ್ಕೆ ಅರ್ಧ ಮಿಲಿಮೀಟರೂ ಸಿಗುವುದಿಲ್ಲ. ತುದಿಯಲ್ಲಿ ಬಿಚ್ಚಿಕೊಂಡ ನಾರನ್ನು ತೋರಿಸಿ.

ಎರೆಹೊಲದ ಸುಣ್ಣದ ಹರಳನ್ನು ಕುಟ್ಟಿ ಪುಡಿ ಮಾಡಿ ನಿಂಬೆರಸ ಹಿಂಡಿದರೆ ಬುಳುಬುಳು ಗುಳ್ಳೆ ಬರುತ್ತದೆ. ಸೀಮೆಸುಣ್ಣದ ಮೇಲೆ ಮಾತ್ರ ಹಿಂಡಬೇಡಿ. ಈಗಿನದು ಜಾಸ್ತಿ ಜಿಪ್ಸಂ, ಏನೂ ಆಗದೆ ಎಲ್ಲರೆದುರು ಪೆಚ್ಚಾಗುತ್ತೀರಿ. ಬಳಪದ ಕಲ್ಲನ್ನು ಉಗುರಿನಲ್ಲಿ ಗೀರಿಸಿ, ಹಳೇಬೀಡಿನ ಶಿಲ್ಪಿಗಳು ಅಷ್ಟು ಸಣ್ಣ ಸರವನ್ನು ಹೇಗೆ ಕೆತ್ತಿದರು ಅನ್ನುವುದು ಆಗ ತಾನಾಗೇ ತಿಳಿಯುತ್ತದೆ.

ಬೋರ್‌ವೆಲ್ ಪ್ರಶ್ನೆ ಬಂದೇ ಬರುತ್ತದೆ, ತಯಾರಾಗಿ ಹೋಗಿ. "ಸರ್, ನಮ್ಮ ಹೊಲದಲ್ಲಿ ಎಷ್ಟು ಅಡಿಗೆ ನೀರು ಸಿಗುತ್ತೆ?" ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನು ಗೇಲಿ ಮಾಡಬೇಡಿ, ಕೇಳುತ್ತಿರುವ ಹುಡುಗನ ತಾತನೇ ಆ ಕೆಲಸ ಮಾಡುವವನಿರಬಹುದು. ನಮ್ಮ ಗಟ್ಟಿಕಲ್ಲಿನ ಸೀಮೆಯಲ್ಲಿ ನೀರು ನಿಲ್ಲುವುದು ಮೇಲಿನ ಪುಡಿಗಲ್ಲಿನ ಪದರದಲ್ಲಿ, ಆಮೇಲೆ ಬಂಡೆಯ ಬಿರುಕಿನಲ್ಲಿ. ಬಿರುಕು ಸಿಗದಿದ್ದರೆ ಸಾವಿರ ಅಡಿ ಕೊರೆದರೂ ಬರುವುದು ಬರೀ ದೂಳು. ಎರಡು ಇಟ್ಟಿಗೆ ಜೋಡಿಸಿ ನಡುವೆ ನೀರು ಹೊಯ್ದು ತೋರಿಸಿದರೆ ಸಾಕು. ಸಾಲ ಮಾಡಿ ಕೊರೆಸಿದ ಮನೆಯ ಮಕ್ಕಳು ಕೂತಿರುತ್ತಾರೆ, ಆಗ ಯಾರೂ ತೂಕಡಿಸುವುದಿಲ್ಲ.

ಇನ್ನು ಹೆಡ್‌ಮಾಸ್ಟರ್ ವಿಷಯ. ಜನವರಿ ಆದಮೇಲೆ ಹತ್ತನೇ ತರಗತಿ ಕಡೆ ತಲೆ ಹಾಕಬೇಡಿ, ಅವರಿಗೆ ಪರೀಕ್ಷೆಯದೇ ತಲೆನೋವು. ಎಂಟನೇ ತರಗತಿ ಕೇಳಿ, ಶನಿವಾರ ಬೆಳಿಗ್ಗೆ ಕೇಳಿ. ಪಾಠದಲ್ಲಿ ಶಿಲೆ, ಮಣ್ಣು ಬರುವ ವಾರವನ್ನು ಸಮಾಜದ ಮೇಷ್ಟ್ರ ಹತ್ತಿರ ಮೊದಲೇ ತಿಳಿದುಕೊಂಡರೆ ಅವರೇ ನಿಮ್ಮ ಪರ ಮಾತಾಡುತ್ತಾರೆ. ಹತ್ತು ಶಾಲೆಗೆ ಒಂದೊಂದು ಸಲ ಹೋಗುವ ಬದಲು ಎರಡು ಶಾಲೆಗೆ ಐದೈದು ಸಲ ಹೋಗಿ. ಎರಡನೇ ಸಲಕ್ಕೆ ಕಲ್ಲು ಇನ್ನೂ ಚೆನ್ನಾಗಿರುತ್ತವೆ, ಯಾಕೆಂದರೆ ಮಕ್ಕಳು ಒಂದು ವಾರದಿಂದ ಹುಡುಕುತ್ತಿರುತ್ತಾರೆ.

ಸ್ಲೈಡುಗಳನ್ನು ಪತ್ರಿಕೆಗೆ ಕಳಿಸಲೇ ಅಂತ ಕೇಳಿದ್ದೀರಿ. ಬೇಡ ಸರ್. ಮರಡಿಹಳ್ಳಿಯ ಒಂದು ಫೋಟೊ ಕಳಿಸಿ, ಪ್ರಕಟಿಸುತ್ತೇನೆ. ಬಂಡೆ ಎಷ್ಟು ದೊಡ್ಡದು ಅಂತ ಗೊತ್ತಾಗಲು ಪಕ್ಕದಲ್ಲಿ ಸುತ್ತಿಗೆ ಇಡುತ್ತೀರಲ್ಲ, ಆ ಜಾಗದಲ್ಲಿ ಈ ಸಲ ಒಬ್ಬ ಹುಡುಗನೋ ಹುಡುಗಿಯೋ ನಿಂತಿರಲಿ.

— ಸಂ.