ದಿನಾಂಕದ ಹಿಂದೆ ಯಾರಿದ್ದರು ಎಂದು ಬರೆಯಿರಿ

ಪ್ರಿಯ ಲೇಖಕರೇ,

‘ಒಂದು ಹಾಡು, ಹಲವು ಜನ್ಮ’ ಎಂಬ ನಿಮ್ಮ ಲೇಖನವನ್ನು ಓದಿದೆ. ಅಮೆರಿಕದ ಗಾಯಕ ಜೋಡಿ ರೈಟಿಯಸ್ ಬ್ರದರ್ಸ್ ಹೆಸರಿನಲ್ಲಿ ಲೋಕವೆಲ್ಲ ಕೇಳಿದ ‘ಅನ್‌ಚೈನ್ಡ್ ಮೆಲಡಿ’ ಯಾವ ವರ್ಷ ಹೊರಬಂತು, ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎಷ್ಟನೆಯ ಸ್ಥಾನಕ್ಕೇರಿತು ಎಂಬುದನ್ನು 1955ರಿಂದ 2002ರವರೆಗೆ ಸಾಲಾಗಿ ಕೊಟ್ಟಿದ್ದೀರಿ. ಶ್ರಮ ಎದ್ದು ಕಾಣುತ್ತದೆ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ವಿಷಾದ ಸೂಚಿಸಿ ಎರಡು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ, ಏಕೆಂದರೆ ನೀವು ಆರಿಸಿಕೊಂಡ ಹಾಡಿನ ಕಥೆ ನಿಜಕ್ಕೂ ದೊಡ್ಡದು. ಅದು ನಿಮ್ಮ ಲೇಖನದೊಳಕ್ಕೆ ಬಂದಿಲ್ಲ.

ಮೂರನೆಯ ಪ್ಯಾರಾದಲ್ಲಿ ಹೀಗೆ ಬರೆದಿದ್ದೀರಿ: ‘1965ರ ಜುಲೈಯಲ್ಲಿ ರೈಟಿಯಸ್ ಬ್ರದರ್ಸ್ ಜೋಡಿ ಒಟ್ಟಾಗಿ ಹಾಡಿದ ಈ ಗೀತೆ ಬಿಡುಗಡೆಯಾಗಿ, ಅಮೆರಿಕದಲ್ಲಿ ನಾಲ್ಕನೆಯ ಸ್ಥಾನ ಪಡೆದು ಅಪಾರ ಜನಮನ್ನಣೆ ಗಳಿಸಿತು.’ ತಿಂಗಳು ಸರಿ, ಸ್ಥಾನವೂ ಸರಿ. ಆದರೆ ಹಾಡಿದ್ದು ಜೋಡಿಯಲ್ಲ, ಬಾಬಿ ಹ್ಯಾಟ್‌ಫೀಲ್ಡ್ ಒಬ್ಬರೇ. ಲೇಬಲ್ ಮೇಲೆ ಇಬ್ಬರ ಹೆಸರಿದೆ ಎಂದು ನಂಬಿಬಿಟ್ಟಿರಿ, ಹಾಡನ್ನು ಕೇಳಲಿಲ್ಲ ಎಂದು ನನಗನ್ನಿಸುತ್ತದೆ. ಜೋಡಿಯ ಇನ್ನೊಬ್ಬ ಗಾಯಕ ಬಿಲ್ ಮೆಡ್ಲಿ ಅವರದು ತಗ್ಗಿನ, ಭಾರದ ಕಂಠ. ಈ ಹಾಡಿನಲ್ಲಿ ಆ ಕಂಠ ಎಲ್ಲಿಯೂ ಇಲ್ಲ. ಮೆಲ್ಲಗೆ ಆರಂಭವಾಗಿ, ಕೊನೆಯ ಭಾಗದಲ್ಲಿ ‘ನಿನ್ನ ಪ್ರೀತಿ ಬೇಕು’ ಎಂಬ ಮಾತು ಬರುವಾಗ ಒಮ್ಮೆಲೇ ತಾರಸ್ಥಾಯಿಗೆ ಏರುವ ಧ್ವನಿ ಹ್ಯಾಟ್‌ಫೀಲ್ಡ್ ಅವರದು. ಆಗ ಅವರಿಗೆ 24 ವರ್ಷ. 1955ರಲ್ಲಿ ಆಲ್ ಹಿಬ್ಲರ್ ಹಾಡಿದ್ದನ್ನು ಮೊದಲು ಕೇಳಿ, ಆಮೇಲೆ ಇದನ್ನು ಕೇಳಿ. ಆ ಒಂದು ಏರಿಕೆ ಹಾಡನ್ನು ಎಲ್ಲಿಂದ ಎಲ್ಲಿಗೆ ಒಯ್ದಿತು ಎಂಬುದು ತಿಳಿಯುತ್ತದೆ. ನಿಮ್ಮ ಲೇಖನದಲ್ಲಿ ಇದರ ಬಗ್ಗೆ ಒಂದು ಮಾತೂ ಇಲ್ಲ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಧ್ವನಿಮುದ್ರಣ ನಿರ್ಮಾಪಕ ಫಿಲ್ ಸ್ಪೆಕ್ಟರ್ ಅವರ ಫಿಲೀಸ್ ಕಂಪನಿ ಹೊರತಂದ 129ನೆಯ ಸಂಖ್ಯೆಯ ಆ ಪುಟ್ಟ ರೆಕಾರ್ಡಿನ ಎ ಬದಿಯಲ್ಲಿ, ಅಂದರೆ ಮುಖ್ಯ ಹಾಡಿನ ಬದಿಯಲ್ಲಿ, ಇದ್ದದ್ದು ಈ ಹಾಡಲ್ಲ. ಅಲ್ಲಿದ್ದದ್ದು ಜೆರ್ರಿ ಗಾಫಿನ್, ಕ್ಯಾರೊಲ್ ಕಿಂಗ್ ಮತ್ತು ಸ್ವತಃ ಸ್ಪೆಕ್ಟರ್ ಸೇರಿ ರಚಿಸಿದ ‘ಹಂಗ್ ಆನ್ ಯು’ ಎಂಬ ಹೊಸ ಹಾಡು. ಕಂಪನಿ ರೇಡಿಯೊದವರಿಗೆ ಹಾಕಿ ಎಂದು ಕೊಟ್ಟದ್ದು ಅದನ್ನೇ. ‘ಅನ್‌ಚೈನ್ಡ್ ಮೆಲಡಿ’ ಆ ಹೊತ್ತಿಗೆ ಹತ್ತು ವರ್ಷ ಹಳೆಯ ಸಿನಿಮಾ ಹಾಡು, ಬಿ ಬದಿ ಖಾಲಿ ಬಿಡುವಂತಿಲ್ಲ ಎಂದು ಹಾಕಿದ್ದು. ರೇಡಿಯೊ ನಿರೂಪಕರು ರೆಕಾರ್ಡನ್ನು ಮಗುಚಿ ಹಾಕಿದರು. ಕೇಳುಗರು ಮತ್ತೆ ಮತ್ತೆ ಅದನ್ನೇ ಕೇಳಿದರು. ಎ ಬದಿ 47ನೆಯ ಸ್ಥಾನದಲ್ಲಿ ನಿಂತಿತು, ಬಿ ಬದಿ 4ಕ್ಕೇರಿತು. ಸ್ಪೆಕ್ಟರ್ ಸಿಟ್ಟಾಗಿ, ಆ ಬದಿಯನ್ನು ಹಾಕಬೇಡಿ ಎಂದು ರೇಡಿಯೊ ಕೇಂದ್ರಗಳಿಗೆ ಫೋನ್ ಮಾಡಿದರೆಂದು ಮೆಡ್ಲಿ ಹೇಳಿದ್ದಾರೆ. ಅದೇ ವರ್ಷದ ಕೊನೆಗೆ ಸ್ಪೆಕ್ಟರ್ ಬಿಡುಗಡೆ ಮಾಡಿದ್ದು ಏನನ್ನು? 1953ರ ಹಳೆಯ ಹಾಡು ‘ಎಬ್ ಟೈಡ್’, ಮತ್ತೆ ಹ್ಯಾಟ್‌ಫೀಲ್ಡ್ ಒಬ್ಬರ ಕಂಠದಲ್ಲಿ. ಅದು 5ನೆಯ ಸ್ಥಾನಕ್ಕೇರಿತು.

‘ಬಿಡುಗಡೆಯಾಯಿತು’ ಎಂದು ನೀವು ಒಂದೇ ಕ್ರಿಯಾಪದದಲ್ಲಿ ದಾಟಿಬಿಟ್ಟ ಜಾಗದಲ್ಲಿ ಇಷ್ಟೆಲ್ಲ ಇದೆ: ಬೇರೆ ಹಾಡನ್ನು ಗೆಲ್ಲಿಸಲು ಹೊರಟ ನಿರ್ಮಾಪಕ, ಅವರ ಮಾತು ಕೇಳದ ನಿರೂಪಕರು, ಸೋತ ಮೇಲೆ ದಾರಿ ಬದಲಿಸಿದ ಕಂಪನಿ. ನನಗೆ ಬೇಕಾದ ಲೇಖನ ಇದೇ. ಇಂದಿನ ಓದುಗರಲ್ಲಿ ಅನೇಕರು ಎರಡು ಬದಿಯ ರೆಕಾರ್ಡನ್ನು ಕೈಯಲ್ಲಿ ಹಿಡಿದವರಲ್ಲ. ಎ ಬದಿ, ಬಿ ಬದಿ ಎಂದರೇನು ಎಂಬುದನ್ನು ಎರಡು ವಾಕ್ಯಗಳಲ್ಲಿ ತಿಳಿಸಿ, ನಂತರ ಈ ಪ್ರಸಂಗಕ್ಕೆ ಬನ್ನಿ.

ನಿರ್ಮಾಪಕ ಸ್ಪೆಕ್ಟರ್ ಎಂದು ಖಚಿತವಾಗಿ ಬರೆದು, ಅವರ ಹೆಸರಾಂತ ಭಾರೀ ವಾದ್ಯಮೇಳದ ಶೈಲಿಯನ್ನೂ ಹೊಗಳಿದ್ದೀರಿ. ಈ ಹಾಡನ್ನು ನಿರ್ಮಿಸಿದವನು ನಾನು ಎಂದು ಮೆಡ್ಲಿ ಹೇಳುತ್ತಲೇ ಬಂದಿದ್ದಾರೆ. ಲೇಬಲ್‌ನಲ್ಲಿ ನಿರ್ಮಾಪಕರ ಹೆಸರು ಎಲ್ಲ ಮುದ್ರಣಗಳಲ್ಲೂ ಒಂದೇ ರೀತಿ ಇಲ್ಲ. ಇಂಥ ಕಡೆ ತೀರ್ಪು ಕೊಡಬೇಡಿ, ತಕರಾರು ಇದೆ ಎಂಬುದನ್ನೇ ಬರೆಯಿರಿ.

1955ರ ಭಾಗದಲ್ಲಿ ‘ಒಬ್ಬರ ಹಾಡನ್ನು ಇನ್ನೊಬ್ಬರು ನಕಲು ಮಾಡಿದರು’ ಎಂದಿದ್ದೀರಿ. ಈ ಮಾತು ತಪ್ಪು, ಅನ್ಯಾಯ ಕೂಡ. ಅಲೆಕ್ಸ್ ನಾರ್ತ್ ಸ್ವರ ಹಾಕಿ, ಹೈ ಜಾರೆಟ್ ಸಾಹಿತ್ಯ ಬರೆದ ಈ ಗೀತೆಯನ್ನು ‘ಅನ್‌ಚೈನ್ಡ್’ ಎಂಬ ಜೈಲಿನ ಕಥೆಯ ಚಿತ್ರದಲ್ಲಿ ಟಾಡ್ ಡಂಕನ್ ಕೈದಿಯಾಗಿ ಹಾಡಿದರು. ಅದೇ ವರ್ಷ ಲೆಸ್ ಬ್ಯಾಕ್ಸ್‌ಟರ್ ವಾದ್ಯವೃಂದದ ರೆಕಾರ್ಡು ಅಮೆರಿಕದಲ್ಲಿ ಮೊದಲ ಸ್ಥಾನ ಪಡೆಯಿತು, ಹಿಬ್ಲರ್ ಅವರದು 3ಕ್ಕೆ, ರಾಯ್ ಹ್ಯಾಮಿಲ್ಟನ್ ಅವರದು 6ಕ್ಕೆ ಬಂತು. ಬ್ರಿಟನ್ನಿನಲ್ಲಿ ಜಿಮ್ಮಿ ಯಂಗ್ ಮೊದಲ ಸ್ಥಾನಕ್ಕೇರಿದರು. ಒಂದು ಹಾಡನ್ನು ಎಷ್ಟು ಜನ ಹಾಡಿದರೆ ಸ್ವರಲಿಪಿಯ ಪ್ರಕಾಶಕರಿಗೂ ರಚನಕಾರರಿಗೂ ಅಷ್ಟು ಗೌರವಧನ. ಆ ಕಾಲದ ವ್ಯಾಪಾರ ನಡೆಯುತ್ತಿದ್ದದ್ದೇ ಹಾಗೆ. ಚಿತ್ರದಲ್ಲಿ ಹಾಡಿದವರ ದನಿಯೇ ಆ ಹಾಡು ಎಂದು ತಿಳಿದು ಬೆಳೆದ ಕನ್ನಡದ ಕೇಳುಗರಿಗೆ ಇದು ವಿಚಿತ್ರವೆನಿಸುತ್ತದೆ. ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು.

ಈಗ 1990ಕ್ಕೆ ಬರೋಣ. ‘ಘೋಸ್ಟ್ ಚಿತ್ರದಿಂದಾಗಿ ಹಾಡು ಮರುಬಿಡುಗಡೆಯಾಗಿ 13ನೆಯ ಸ್ಥಾನ ಪಡೆಯಿತು’ ಎಂದು ಬರೆದು ಮುಂದೆ ಹೋಗಿದ್ದೀರಿ. ಆ ಶರತ್ಕಾಲದಲ್ಲಿ ಅಮೆರಿಕದ ಪಟ್ಟಿಯಲ್ಲಿದ್ದದ್ದು ಒಂದು ಹಾಡಲ್ಲ, ಎರಡು ಧ್ವನಿಮುದ್ರಣ. ಚಿತ್ರದಲ್ಲಿ ಬಂದದ್ದು 1965ರ ಮೂಲ. ವರ್ವ್ ಕಂಪನಿ ಅದನ್ನು ಮತ್ತೆ ಹೊರತಂದಿತು, ಪಟ್ಟಿಯಲ್ಲಿ ಅದು ಏರಿದ್ದು ಮುಖ್ಯವಾಗಿ ರೇಡಿಯೊ ಪ್ರಸಾರದ ಬಲದಿಂದ. ಇನ್ನೊಂದು, ಐವತ್ತರ ಹ್ಯಾಟ್‌ಫೀಲ್ಡ್ ಕರ್ಬ್ ಕಂಪನಿಗಾಗಿ ಹೊಸದಾಗಿ ಹಾಡಿದ್ದು. ಅದು ಧ್ವನಿಸುರುಳಿಯಾಗಿ ಅಂಗಡಿಗಳಲ್ಲಿ ಮಾರಾಟವಾಗಿ 19ನೆಯ ಸ್ಥಾನಕ್ಕೆ ಬಂತು. ರೇಡಿಯೊದಲ್ಲಿ ಒಂದನ್ನು ಕೇಳಿ ಮರುಳಾಗಿ ಅಂಗಡಿಗೆ ಹೋದವರ ಕೈಗೆ ಎಷ್ಟೋ ಸಲ ಸಿಕ್ಕಿದ್ದು ಇನ್ನೊಂದು. ಬ್ರಿಟನ್ನಿನಲ್ಲಿ ಮಾತ್ರ 1965ರ ಮೂಲವೇ ನಾಲ್ಕು ವಾರ ಮೊದಲ ಸ್ಥಾನದಲ್ಲಿದ್ದು, ಆ ವರ್ಷ ಅತಿ ಹೆಚ್ಚು ಮಾರಾಟವಾದ ಸಿಂಗಲ್ ಆಯಿತು. ಕಾಲು ಶತಮಾನದ ಹಿಂದೆ ಬಿ ಬದಿಗೆ ತಳ್ಳಿದ್ದ ಹಾಡಿಗೆ ಹೀಗಾಯಿತಲ್ಲ ಎಂಬ ಬೆರಗು ನಿಮ್ಮ ಬರಹದಲ್ಲಿ ಕಾಣಬೇಕಿತ್ತು.

ರಾಬ್ಸನ್ ಮತ್ತು ಜೆರೋಮ್ 1995ರಲ್ಲಿ, ಗ್ಯಾರೆತ್ ಗೇಟ್ಸ್ 2002ರಲ್ಲಿ ಬ್ರಿಟನ್ನಿನಲ್ಲಿ ಇದೇ ಹಾಡನ್ನು ಮೊದಲ ಸ್ಥಾನಕ್ಕೊಯ್ದದ್ದಕ್ಕೆ ಒಂದು ಪುಟ ಕೊಟ್ಟಿದ್ದೀರಿ. ಒಂದು ವಾಕ್ಯ ಸಾಕು. ‘ಅಜರಾಮರ’, ‘ಮನಸೂರೆಗೊಂಡ’, ‘ಸಂಗೀತ ಲೋಕದ ಧ್ರುವತಾರೆ’ ಇವನ್ನೆಲ್ಲ ತೆಗೆದುಬಿಡಿ. ಹಾಡು ಹೇಗಿದೆ ಎಂದು ಹೇಳಲು ಹೊರಟಾಗಲೆಲ್ಲ ಈ ಪದಗಳು ನಿಮ್ಮ ಬಾಯಿ ಕಟ್ಟಿವೆ.

ಬರಹವನ್ನು ತಿದ್ದುವುದು ಬೇಡ, ಹೊಸದಾಗಿ ಬರೆಯಿರಿ. ಆರಂಭ 1965ರ ರೆಕಾರ್ಡಿನಿಂದಲೇ ಆಗಲಿ. 1955 ಹಿನ್ನೋಟವಾಗಿ ಬರಲಿ, 1990ಕ್ಕೆ ಹೆಚ್ಚು ಜಾಗ ಇರಲಿ. ಪ್ರತಿ ಬಿಡುಗಡೆಗೂ ಹೊರತಂದವರು ಯಾರು, ಯಾವ ಧ್ವನಿಮುದ್ರಣ, ಯಾತಕ್ಕಾಗಿ ಎಂಬ ಮೂರು ಪ್ರಶ್ನೆ ಕೇಳಿಕೊಳ್ಳಿ. ಉತ್ತರ ಸಿಗದ ಬಿಡುಗಡೆಯನ್ನು ಬಿಟ್ಟುಬಿಡಿ. ಕೂರುವ ಮೊದಲು 1965ರದ್ದನ್ನೂ 1990ರದ್ದನ್ನೂ ಬೆನ್ನು ಬೆನ್ನಿಗೆ ಕೇಳಿ, ನಿಮ್ಮ ಕಿವಿಗೆ ಬಿದ್ದ ವ್ಯತ್ಯಾಸವನ್ನು ನಿಮ್ಮ ಮಾತಿನಲ್ಲೇ ಬರೆಯಿರಿ. ಹೊಸ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ