ಮನೆಯವರೆಲ್ಲ ಸೇರಿ ಕೊಳ್ಳುವ ಹಳೆಯ ಮನೆಯ ದುರಸ್ತಿಗೆ ಸಾಲ ಹೇಗೆ?

ಚಿಕ್ಕಮಗಳೂರಿನಲ್ಲಿ ಅಣ್ಣ ಮತ್ತು ಚಿಕ್ಕಪ್ಪನೊಂದಿಗೆ ಸೇರಿ ಹೆಂಚಿನ ಮನೆ ಕೊಳ್ಳುತ್ತಿದ್ದೇವೆ, ದುರಸ್ತಿಗೆ ಹಣ ಹೊಂದಿಸುವುದು ಹೇಗೆ ಎಂದು ಕೇಳಿದ್ದೀರಿ.

ಸಾಲಕ್ಕಿಂತ ಮೊದಲು ಕ್ರಯಪತ್ರದಲ್ಲಿ ಯಾರ ಪಾಲು ಎಷ್ಟೆಂದು ಬರೆಸಿ. ಚಿಕ್ಕಪ್ಪನ ಮುಂದೆ ಈ ಮಾತು ಎತ್ತಲು ಸಂಕೋಚವಾಗುತ್ತದೆ, ಆದರೂ ಎತ್ತಿ. ಬ್ಯಾಂಕುಗಳು ಸಾಮಾನ್ಯವಾಗಿ ಎಲ್ಲ ಮಾಲೀಕರ ಸಹಿಯನ್ನೂ ಕೇಳುತ್ತವೆ. ಸಹ ಸಾಲಗಾರರಾಗಿ ಸಹಿ ಹಾಕಿದ ಪ್ರತಿಯೊಬ್ಬರೂ ತಮ್ಮ ಪಾಲಿಗಷ್ಟೇ ಅಲ್ಲ, ಇಡೀ ಸಾಲಕ್ಕೆ ಹೊಣೆ. ಚಿಕ್ಕಪ್ಪ ನಿವೃತ್ತಿಗೆ ಹತ್ತಿರವಿದ್ದರೆ ಮರುಪಾವತಿಯ ಅವಧಿ ಕಡಿಮೆಯಾಗಬಹುದು.

ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷ ರೂಪಾಯಿವರೆಗಿನ ಗೃಹಸಾಲ ಮನೆಯ ಮೌಲ್ಯದ ಶೇ. 90ನ್ನು ಮೀರುವಂತಿಲ್ಲ, ಅದಕ್ಕೂ ಮೇಲೆ 75 ಲಕ್ಷದವರೆಗೆ ಶೇ. 80. ಉಳಿತಾಯವನ್ನೆಲ್ಲ ಖರೀದಿಗೇ ಸುರಿದರೆ ದುರಸ್ತಿಗೆ ಕೈ ಖಾಲಿ. ಆದ್ದರಿಂದ ಎಂಜಿನಿಯರ್ ಅವರಿಂದ ಅಂದಾಜು ಪಟ್ಟಿ ಮಾಡಿಸಿ, ಅದೇ ಬ್ಯಾಂಕಿನಲ್ಲಿ ಮನೆ ದುರಸ್ತಿ ಸಾಲವನ್ನೂ ಕೇಳಿ. ವೈಯಕ್ತಿಕ ಸಾಲಕ್ಕಿಂತ ಇದರ ಬಡ್ಡಿ ಸಾಮಾನ್ಯವಾಗಿ ಕಡಿಮೆ.

ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ವಾಸದ ಮನೆಯ ದುರಸ್ತಿ ಸಾಲದ ಬಡ್ಡಿಯ ಮೇಲೆ ತೆರಿಗೆ ಬೀಳುವ ಆದಾಯದಲ್ಲಿ ವರ್ಷಕ್ಕೆ 30,000 ರೂಪಾಯಿವರೆಗೆ ಮಾತ್ರ ಕಡಿತ ಸಿಗುತ್ತದೆ.

ಹಣ ಸಾಲದಿದ್ದರೆ ಅಡುಗೆಮನೆ ಕಾಯಲಿ. ಹೆಂಚು ಮತ್ತು ಮಾಡಿನ ಮರಗೆಲಸ ಮಾತ್ರ ಮುಂಗಾರಿಗೆ ಮೊದಲೇ ಮುಗಿಯಬೇಕು.